ಮೆಕ್ಕೆಜೋಳದ ಸುಳಿಯ ಹುಳು ಮತ್ತು ಏಳು ಪುಟದ ಪ್ರಬಂಧ: ಕೀಟಗಳ ಜೀನ್ ಸಂಶೋಧನೆಗೂ ಪೇಟೆಯ ಔಷಧಿ ಅಂಗಡಿಗೂ ಏನು ಸಂಬಂಧ?

ಶಿವಮೊಗ್ಗ: ಮೆಕ್ಕೆಜೋಳ ಬಿತ್ತಿ ಮೂರು ವಾರ ಕಳೆದಿರುತ್ತೆ. ಸುಳಿ ಬಿಡಿಸಿ ನೋಡಿದರೆ ಒಳಗೆ ಹುಳು, ಸುತ್ತ ಮರದ ಹೊಟ್ಟಿನಂಥ ಹಿಕ್ಕೆ. ಗಿಡ ಕಿತ್ತುಕೊಂಡು ರೈತರು ಸೀದಾ ಪೇಟೆಯ ಗೊಬ್ಬರ-ಔಷಧಿ ಅಂಗಡಿಗೆ ಬರುತ್ತಾರೆ. ‘ಇದಕ್ಕೆ ಏನು ಹೊಡೀಬೇಕು?’ ಅಂತ ಕೇಳುತ್ತಾರೆ. ಅಂಗಡಿಯವರು ಒಂದು ಡಬ್ಬಿ ಕೊಡುತ್ತಾರೆ. ಒಬ್ಬರ ಹೊಲದಲ್ಲಿ ಹುಳು ಸಾಯುತ್ತೆ, ಇನ್ನೊಬ್ಬರ ಹೊಲದಲ್ಲಿ ಏನೂ ಆಗೋದಿಲ್ಲ. ಆಮೇಲೆ ‘ಔಷಧಿ ನಕಲಿ’ ಅಂತ ಜಗಳ.

ಎಲ್ಲ ಸಲವೂ ಔಷಧಿ ನಕಲಿಯಾಗಿರೋದಿಲ್ಲ. ಎಷ್ಟೋ ಸಲ ಉತ್ತರ ಹುಳುವಿನ ಜೀನ್‌ಗಳಲ್ಲೇ ಇರುತ್ತೆ. ಆ ಜೀನ್‌ಗಳನ್ನು ಓದುವ ಕೆಲಸ ಜಗತ್ತಿನ ಹತ್ತಾರು ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಅಲ್ಲಿ ಕಂಡುಕೊಂಡದ್ದು ‘ಸಂಶೋಧನಾ ಪ್ರಬಂಧ’ವಾಗಿ ಪ್ರಕಟವಾಗುತ್ತೆ. ಆ ಪ್ರಬಂಧಗಳು ತಾಲ್ಲೂಕಿನ ಪೇಟೆಗೆ ಬರೋದಿಲ್ಲ. ಆದರೆ ಯಾವ ಡಬ್ಬಿಗೆ ಸರ್ಕಾರದ ಶಿಫಾರಸು ಸಿಗುತ್ತೆ, ಯಾವ ಡಬ್ಬಿಗೆ ಹುಳು ಸಾಯುತ್ತೆ ಅನ್ನೋದರ ಹಿಂದೆ ಅವು ಇದ್ದೇ ಇರುತ್ತವೆ. ಇದನ್ನು ಅರ್ಥ ಮಾಡಿಕೊಳ್ಳಲು ಶಿವಮೊಗ್ಗಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಎಲ್ಲಿಂದ ಬಂತು ಈ ಹುಳು?

ಇದರ ಹೆಸರು ಫಾಲ್ ಸೈನಿಕ ಹುಳು. ಮೂಲ ಅಮೆರಿಕ ಖಂಡ. 1797ರಲ್ಲೇ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ವಿಜ್ಞಾನಿ ಇದಕ್ಕೆ ಹೆಸರಿಟ್ಟಿದ್ದರು. ಈಗಿನ ವೈಜ್ಞಾನಿಕ ಹೆಸರು ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ. ಫ್ರುಜಿಪೆರ್ಡಾ ಅಂದ್ರೆ ಲ್ಯಾಟಿನ್ ಭಾಷೆಯಲ್ಲಿ ‘ಫಸಲು ಹಾಳು ಮಾಡುವುದು’ ಎಂಬ ಅರ್ಥ.

ಎರಡು ಶತಮಾನಕ್ಕೂ ಹೆಚ್ಚು ಕಾಲ ಅಮೆರಿಕ ಖಂಡದಲ್ಲೇ ಇದ್ದ ಈ ಹುಳು 2016ರಲ್ಲಿ ಪಶ್ಚಿಮ ಆಫ್ರಿಕಾದ ನೈಜೀರಿಯಾ, ಬೆನಿನ್, ಟೋಗೊ ದೇಶಗಳಲ್ಲಿ ಕಾಣಿಸಿಕೊಂಡಿತು. ಎರಡು ವರ್ಷದಲ್ಲಿ ಆಫ್ರಿಕಾದ ಬಹುತೇಕ ದೇಶಗಳನ್ನು ಆವರಿಸಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿನ ಮೆಕ್ಕೆಜೋಳದ ತಾಕಿನಲ್ಲಿ ಸಿಕ್ಕಿತು. ಭಾರತದಲ್ಲಿ, ಅಷ್ಟೇ ಯಾಕೆ, ಇಡೀ ಏಷ್ಯಾದಲ್ಲಿ ಇದರ ಮೊದಲ ವರದಿ ಅಲ್ಲಿಂದಲೇ ಬಂತು.

ಇದು ಬೇಗ ಹರಡೋದಕ್ಕೆ ಕಾರಣ ಇದೆ. ಪತಂಗ ಒಂದೇ ರಾತ್ರಿಯಲ್ಲಿ ಸುಮಾರು 100 ಕಿ.ಮೀ. ಹಾರಬಲ್ಲದು. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ. ನಮ್ಮಲ್ಲಿನ ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗ ಆಗೋದಕ್ಕೆ ಸುಮಾರು ಒಂದು ತಿಂಗಳು ಸಾಕು. ಮೆಕ್ಕೆಜೋಳ ಇಲ್ಲದಿದ್ದರೆ ಜೋಳ, ಕಬ್ಬು, ಹುಲ್ಲು. ತಿನ್ನಬಲ್ಲ ಗಿಡಗಳ ಪಟ್ಟಿಯಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ.

ನೋಡಿದರೆ ಗೊತ್ತಾಗೋದಿಲ್ಲವಾ?

ಗೊತ್ತಾಗುತ್ತೆ, ಆದರೆ ಪೂರ್ತಿ ಅಲ್ಲ. ಬೆಳೆದ ಹುಳುವಿನ ತಲೆ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ ಇರುತ್ತೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರವಾಗಿ ಇರುತ್ತವೆ. ಇವೆರಡೂ ಕಂಡರೆ ಫಾಲ್ ಸೈನಿಕ ಹುಳು ಎಂದೇ ತಿಳಿಯಬಹುದು.

ಕಷ್ಟ ಇರೋದು ಮರಿ ಹುಳುಗಳಲ್ಲಿ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಹುಳು ತಂಬಾಕಿನ ಎಲೆ ತಿನ್ನುವ ಹುಳುವಿನಂತೆಯೇ ಕಾಣುತ್ತೆ. ಹಳೆಯ ಸೈನಿಕ ಹುಳು, ಕಾಂಡ ಕೊರಕ ಇವೂ ಮೆಕ್ಕೆಜೋಳದಲ್ಲಿ ಮೊದಲಿನಿಂದಲೂ ಇವೆ. ಹಾಗಾಗಿ ಹೊಸ ಹುಳು ಬಂದಾಗ ‘ಇದು ಹಳೇದೇ ಬಿಡು’ ಅಂದುಕೊಳ್ಳೋದು ಸಹಜ. ಹಾಗೆ ಅಂದುಕೊಂಡು ಒಂದು ಹಂಗಾಮು ಕಳೆದರೆ ಹುಳು ಇನ್ನಷ್ಟು ಜಿಲ್ಲೆ ದಾಟಿರುತ್ತೆ.

ಇಲ್ಲಿ ನೆರವಿಗೆ ಬರೋದು ಡಿಎನ್‌ಎ ಬಾರ್‌ಕೋಡ್. ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ ಪ್ಯಾಕಿನ ಮೇಲಿರುವ ಕಪ್ಪು ಗೆರೆಗಳನ್ನು ಮೆಷಿನ್‌ಗೆ ತೋರಿಸಿದರೆ ಹೆಸರು, ದರ ಬಂದುಬಿಡುತ್ತಲ್ಲ, ಅದೇ ಲೆಕ್ಕ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಅವರ ತಂಡ 2003ರಲ್ಲಿ ಈ ವಿಧಾನ ಮುಂದಿಟ್ಟಿತು.

ಎಲ್ಲ ಜೀವಿಗಳ ಡಿಎನ್‌ಎ ಬರೆದಿರೋದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ. ಪ್ರಾಣಿಗಳಲ್ಲಿ ‘ಸಿಒಐ’ ಎಂಬ ಒಂದು ಜೀನ್ ಇದೆ. ಅದರ ಸುಮಾರು 650 ಅಕ್ಷರಗಳ ತುಣುಕು ಒಂದೇ ಜಾತಿಯ ಕೀಟಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ, ಬೇರೆ ಜಾತಿಗಳಲ್ಲಿ ಬೇರೆ ಇರುತ್ತೆ. ಹುಳುವಿನ ಒಂದು ಚೂರು ಸಾಕು. ಅದರಿಂದ ಡಿಎನ್‌ಎ ತೆಗೆದು, ಆ ತುಣುಕನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡಿ, ಅಕ್ಷರಗಳನ್ನು ಓದುತ್ತಾರೆ. ಪಿಸಿಆರ್ ಎಂಬ ಹೆಸರು ಹೊಸದಲ್ಲ. ಕೊರೊನಾ ಕಾಲದಲ್ಲಿ ಮೂಗಿನ ದ್ರವ ತೆಗೆದು ಮಾಡುತ್ತಿದ್ದ ಆರ್‌ಟಿಪಿಸಿಆರ್ ಪರೀಕ್ಷೆಯ ತಂತ್ರವೂ ಇದೇ.

ಓದಿದ ಅಕ್ಷರಗಳನ್ನು ಯಾವುದರ ಜೊತೆ ಹೋಲಿಸೋದು? ಅದಕ್ಕೆ ‘ಜೀನ್‌ಬ್ಯಾಂಕ್’ ಇದೆ. 1982ರಿಂದ ನಡೆಯುತ್ತಿರುವ ಈ ಭಂಡಾರದಲ್ಲಿ ಜಗತ್ತಿನ ವಿಜ್ಞಾನಿಗಳು ತಾವು ಓದಿದ ಡಿಎನ್‌ಎ ಅಕ್ಷರಗಳನ್ನು ಜಮಾ ಮಾಡುತ್ತಾರೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಮೆರಿಕದ ವಿಜ್ಞಾನಿಗಳು ವರ್ಷಗಳ ಹಿಂದೆ ಜಮಾ ಮಾಡಿಟ್ಟಿದ್ದ ಅಕ್ಷರಗಳು ಅಲ್ಲಿ ಇದ್ದುದರಿಂದಲೇ ಕರ್ನಾಟಕದಲ್ಲಿ ಸಿಕ್ಕ ಹುಳುವನ್ನು ಅವುಗಳ ಜೊತೆ ತಾಳೆ ನೋಡಲು ಸಾಧ್ಯವಾಯಿತು.

ಏಳು ಪುಟ ಮಾಡಿದ ಕೆಲಸ

ಶಿವಮೊಗ್ಗದ ಕೀಟಶಾಸ್ತ್ರಜ್ಞರಾದ ಡಾ. ಶರಣಬಸಪ್ಪ, ಡಾ. ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಹುಳುವಿನ ಹೊರಲಕ್ಷಣವನ್ನೂ ಡಿಎನ್‌ಎಯನ್ನೂ ನೋಡಿ ಖಚಿತ ಮಾಡಿಕೊಂಡು ವರದಿ ಬರೆದರು. ಅದು ‘ಪೆಸ್ಟ್ ಮ್ಯಾನೇಜ್‌ಮೆಂಟ್ ಇನ್ ಹಾರ್ಟಿಕಲ್ಚರಲ್ ಇಕೋಸಿಸ್ಟಮ್ಸ್’ ಎಂಬ ಪತ್ರಿಕೆಯ 2018ರ ಮೊದಲ ಸಂಚಿಕೆಯಲ್ಲಿ ಬಂತು. 23ನೇ ಪುಟದಿಂದ 29ನೇ ಪುಟದವರೆಗೆ, ಒಟ್ಟು ಏಳು ಪುಟ. 2016ರಲ್ಲಿ ಆಫ್ರಿಕಾದ ಮೊದಲ ವರದಿ ಬರೆದಿದ್ದ ಜಾರ್ಜ್ ಗೋರ್ಗನ್ ಅವರ ಹೆಸರೂ ಲೇಖಕರ ಪಟ್ಟಿಯಲ್ಲಿದೆ. ಅಲ್ಲಿ ಆ ಹುಳು ನೋಡಿದ ಕಣ್ಣು ಇಲ್ಲಿಯೂ ನೋಡಿತು ಅಂತ ಹೇಳಬಹುದು.

ಅದೇ ಜುಲೈನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಹುಳುವನ್ನು ಕಂಡು ದೇಶಕ್ಕೆ ಎಚ್ಚರಿಕೆ ಕೊಟ್ಟಿತು. ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಕರ್ನಾಟಕದ ಮೆಕ್ಕೆಜೋಳದ ಹೊಲಗಳ ಬಗ್ಗೆ ಇನ್ನೊಂದು ವರದಿ ಬಂತು. ಕೇಂದ್ರ ಸರ್ಕಾರದ ಕೀಟನಾಶಕ ಮಂಡಳಿ ಈ ಹುಳುವಿಗೆಂದೇ ಕೆಲವು ಔಷಧಿಗಳನ್ನು ತಾತ್ಕಾಲಿಕವಾಗಿ ಶಿಫಾರಸು ಮಾಡಿತು. ಅಂಗಡಿಗಳಲ್ಲಿ ಈಗ ‘ಸೈನಿಕ ಹುಳುವಿನ ಔಷಧಿ’ ಅಂತ ಮಾರುವ ಹಲವು ಡಬ್ಬಿಗಳ ಕಥೆ ಶುರುವಾದದ್ದು ಅಲ್ಲಿಂದ.

ಹುಳು ಅಷ್ಟಕ್ಕೆ ನಿಲ್ಲಲಿಲ್ಲ. ಅದೇ ವರ್ಷ ದಕ್ಷಿಣದ ಬೇರೆ ರಾಜ್ಯಗಳಿಗೂ ಮಹಾರಾಷ್ಟ್ರಕ್ಕೂ ಹೋಯಿತು. 2019ರ ಬೇಸಿಗೆಯಲ್ಲಿ ಮಿಜೋರಾಂನಲ್ಲಿ ದೊಡ್ಡ ನಷ್ಟ ಮಾಡಿತು. ಆ ಹೊತ್ತಿಗೆ ಚೀನಾದ ಯುನ್ನಾನ್ ತಲುಪಿತ್ತು. 2020ರಲ್ಲಿ ಆಸ್ಟ್ರೇಲಿಯಾ ಮುಟ್ಟಿತು. ಹುಳುವನ್ನು ತಡೆಯಲು ಆಗಲಿಲ್ಲ, ನಿಜ. ಆದರೆ ಹೆಸರು ಮೊದಲೇ ಗೊತ್ತಾದ್ದರಿಂದ ಮುಂದಿನ ರಾಜ್ಯ, ಮುಂದಿನ ದೇಶದವರಿಗೆ ಏನು ಹುಡುಕಬೇಕು, ಏನು ಹೊಡೆಯಬೇಕು ಅನ್ನೋದು ಹುಳು ಬರುವ ಮೊದಲೇ ತಿಳಿದಿತ್ತು.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರೆ ಏನು?

ವಿಜ್ಞಾನಿಗಳ ಲೋಕದಲ್ಲಿ ಪತ್ರಿಕೆಗಳಿಗೆ ಒಂದು ಅಂಕ ಇದೆ, ಅದೇ ‘ಇಂಪ್ಯಾಕ್ಟ್ ಫ್ಯಾಕ್ಟರ್’. ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಪ್ರಕಟಿಸಿದ ಪ್ರಬಂಧಗಳನ್ನು ಈ ವರ್ಷ ಬೇರೆ ವಿಜ್ಞಾನಿಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನೋ ಲೆಕ್ಕ. ಇದನ್ನು ರೂಪಿಸಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಗ್ರಂಥಾಲಯಗಳು ಯಾವ ಪತ್ರಿಕೆ ತರಿಸಬೇಕು ಎಂದು ತೀರ್ಮಾನಿಸಲು ಇದು ಉಪಯೋಗಕ್ಕೆ ಬಂತು. ಕ್ರಮೇಣ ಮೇಷ್ಟ್ರುಗಳ ಬಡ್ತಿ, ಸಂಶೋಧನೆಗೆ ಹಣ, ಎಲ್ಲದಕ್ಕೂ ಇದೇ ಅಳತೆಗೋಲಾಯಿತು.

ವ್ಯಾಪಾರಿಗಳಿಗೆ ಇದರ ತೊಂದರೆ ಬೇಗ ಅರ್ಥ ಆಗುತ್ತೆ. ಒಂದು ಅಂಗಡಿಯ ದಿನದ ಸರಾಸರಿ ವ್ಯಾಪಾರ ಹತ್ತು ಸಾವಿರ ಅಂದ ಮಾತ್ರಕ್ಕೆ ಅಲ್ಲಿರುವ ಪ್ರತಿ ಸಾಮಾನೂ ಚೆನ್ನಾಗಿ ಮಾರಾಟ ಆಗುತ್ತೆ ಎನ್ನಲು ಬರೋದಿಲ್ಲ. ನಾಲ್ಕು ಸಾಮಾನು ಓಡುತ್ತಿರಬಹುದು, ಉಳಿದವು ಧೂಳು ಹಿಡಿದಿರಬಹುದು. ಪತ್ರಿಕೆಯ ಲೆಕ್ಕವೂ ಹೀಗೇ. ಕೆಲವು ಪ್ರಬಂಧಗಳೇ ಪತ್ರಿಕೆಯ ಸರಾಸರಿ ಎತ್ತಿ ಹಿಡಿದಿರುತ್ತವೆ. ಪತ್ರಿಕೆಯ ಅಂಕ ನೋಡಿ ಒಬ್ಬೊಬ್ಬ ವಿಜ್ಞಾನಿಯ ಕೆಲಸ ಅಳೆಯಬೇಡಿ ಎಂದು 2013ರಲ್ಲಿ ಹೊರಬಂದ ‘ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ’ ಕೇಳಿಕೊಂಡಿತು.

ಕೀಟಗಳ ಜೀನ್ ವಿಷಯಕ್ಕೆಂದೇ ಇರುವ ‘ಇನ್ಸೆಕ್ಟ್ ಮಾಲಿಕ್ಯುಲರ್ ಬಯಾಲಜಿ’ಯಂಥ ದೊಡ್ಡ ಪತ್ರಿಕೆಗಳಿವೆ. ಇಂಗ್ಲೆಂಡಿನ ರಾಯಲ್ ಎಂಟಮಾಲಜಿಕಲ್ ಸೊಸೈಟಿ ಅದನ್ನು ಹೊರತರುತ್ತೆ. ಅಲ್ಲಿ ಒಂದು ಜೀನ್ ಹೇಗೆ ಕೆಲಸ ಮಾಡುತ್ತೆ ಎಂಬ ಆಳದ ಪ್ರಬಂಧಗಳು ಬರುತ್ತವೆ. ಶಿವಮೊಗ್ಗದ ವರದಿ ಬಂದದ್ದು ಅಂಥ ಪತ್ರಿಕೆಯಲ್ಲಲ್ಲ. ಆದರೂ ಏಷ್ಯಾದಲ್ಲಿ ಈ ಹುಳುವಿನ ಬಗ್ಗೆ ಆಮೇಲೆ ಬಂದ ನೂರಾರು ಪ್ರಬಂಧಗಳು ಆ ಏಳು ಪುಟವನ್ನು ಉಲ್ಲೇಖಿಸಿವೆ. ದೊಡ್ಡ ಪತ್ರಿಕೆಗೆ ಕಳಿಸಿ ಒಂದು ವರ್ಷ ಕಾದಿದ್ದರೆ ಹೆಸರು ದೊಡ್ಡದಾಗುತ್ತಿತ್ತೇನೋ. ಆದರೆ ಅಷ್ಟರಲ್ಲಿ ದೇಶಕ್ಕೆ ಒಂದು ಹಂಗಾಮು ಕೈತಪ್ಪಿ ಹೋಗಿರುತ್ತಿತ್ತು.

ಹುಳು ಭತ್ತಕ್ಕೂ ಬೀಳುತ್ತಾ?

ಮಲೆನಾಡು ಮತ್ತು ಅರೆಮಲೆನಾಡಿನ ರೈತರಿಗೆ 2018ರಲ್ಲಿ ಇದ್ದ ದೊಡ್ಡ ಭಯ ಇದು. ಅದಕ್ಕೆ ಕಾರಣವೂ ಒಂದು ಡಿಎನ್‌ಎ ವರದಿಯೇ.

ಅಮೆರಿಕದಲ್ಲಿ ಈ ಹುಳುವಿನಲ್ಲಿ ಎರಡು ಒಳತಳಿಗಳಿವೆ. ಒಂದು ‘ಮೆಕ್ಕೆಜೋಳದ ತಳಿ’, ಇನ್ನೊಂದು ‘ಭತ್ತದ ತಳಿ’. ನೋಡಲು ಎರಡೂ ಒಂದೇ, ಜೀನ್ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತೆ. ಭಾರತದ ಹುಳುಗಳ ಸಿಒಐ ಜೀನ್ ಓದಿದಾಗ ಹೆಚ್ಚಿನವು ‘ಭತ್ತದ ತಳಿ’ ಎಂದು 2018ರಲ್ಲಿ ಪ್ರಕಟವಾಯಿತು. ಹಾಗಾದ್ರೆ ಗದ್ದೆಗಳ ಗತಿ ಏನು ಎಂಬ ಆತಂಕ ಹುಟ್ಟಿದ್ದು ಸಹಜವೇ.

ಆದರೆ ಸಿಒಐ ಜೀನ್‌ಗೆ ಒಂದು ಮಿತಿ ಇದೆ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತೆ. ತಾಯಿಯ ಊರು ಗೊತ್ತಾದ ಮಾತ್ರಕ್ಕೆ ತಂದೆಯ ಊರು ಗೊತ್ತಾದಂತೆ ಆಯಿತೇ? ಹಾಗಾಗಿ ಅಮೆರಿಕದ ರಾಡ್ ನಗೋಶಿ ಮತ್ತು ಭಾರತದ ವಿಜ್ಞಾನಿಗಳೂ ಇದ್ದ ತಂಡ ‘ಟಿಪಿಐ’ ಎಂಬ ಇನ್ನೊಂದು ಜೀನ್ ನೋಡಿತು. ಇದು ಪತಂಗಗಳ ಲಿಂಗ ನಿರ್ಧರಿಸುವ ವರ್ಣತಂತುವಿನಲ್ಲಿದೆ, ತಂದೆಯ ಕಡೆಯಿಂದಲೂ ಬರುತ್ತೆ. ಅದರ ಪ್ರಕಾರ ಭಾರತದ ಮತ್ತು ಆಫ್ರಿಕಾದ ಮೆಕ್ಕೆಜೋಳದ ಹೊಲಗಳ ಹುಳುಗಳು ಬಹುತೇಕ ‘ಮೆಕ್ಕೆಜೋಳದ ತಳಿ’. ಅಂದ್ರೆ, ತುಂಬ ಹಿಂದೆ ಎರಡು ತಳಿ ಬೆರೆತು ಹುಟ್ಟಿದ ಸಂತಾನ ಇಲ್ಲಿಗೆ ಬಂದಿದೆ. ನಿಜವಾದ ಭತ್ತದ ತಳಿ ಈ ಕಡೆ ಇಲ್ಲ ಅಥವಾ ತೀರಾ ಅಪರೂಪ ಎಂದು 2019ರ ಪ್ರಬಂಧಗಳು ಹೇಳಿದವು. ಭತ್ತಕ್ಕೆ ಮೆಕ್ಕೆಜೋಳದಷ್ಟು ದೊಡ್ಡ ಹೊಡೆತ ಬೀಳದೇ ಇರುವುದು ಇದಕ್ಕೆ ಹೊಂದಿಕೆಯಾಗುತ್ತೆ.

ಹುಳು ಬಂದ ದಾರಿಯ ಬಗ್ಗೆಯೂ ಇದೇ ಥರ ಆಯಿತು. ಅಮೆರಿಕದಿಂದ ಆಫ್ರಿಕಾ, ಅಲ್ಲಿಂದ ಭಾರತ, ಇಲ್ಲಿಂದ ಚೀನಾ ಎಂದು ಮೊದಲು ನಂಬಲಾಗಿತ್ತು. 2022ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳ ನೇತೃತ್ವದ ತಂಡ ಒಂದೆರಡು ಜೀನ್ ಬದಲು ಇಡೀ ಜೀನೋಮ್ ಉದ್ದಕ್ಕೂ ಹುಡುಕಿ, ಅಷ್ಟು ಸರಳ ಅಲ್ಲ, ಈ ಹುಳು ಹಲವು ಸಲ, ಹಲವು ದಾರಿಯಲ್ಲಿ ಬಂದಿದೆ ಎಂದಿತು. ಒಂದು ಪ್ರಬಂಧ ಬಂದ ಕೂಡಲೇ ಅದೇ ಕೊನೇ ಮಾತಲ್ಲ. ಮುಂದಿನ ಪ್ರಬಂಧ ಅದನ್ನು ತಿದ್ದುತ್ತೆ. ‘ವಿಜ್ಞಾನಿಗಳು ದಿನಕ್ಕೊಂದು ಹೇಳ್ತಾರೆ’ ಎಂಬ ಗೊಣಗಾಟಕ್ಕೆ ಉತ್ತರವೂ ಇದೇ. ಹೊಸ ಸಾಕ್ಷಿ ಸಿಕ್ಕಾಗ ಹಳೆಯ ಮಾತು ಬದಲಾಗಲೇಬೇಕು.

ಔಷಧಿ ಯಾಕೆ ನಾಟೋದಿಲ್ಲ?

ಈಗ ಅಂಗಡಿಯ ವಿಷಯಕ್ಕೆ ಬರೋಣ. ಕೀಟನಾಶಕ ಕೆಲಸ ಮಾಡೋದು ಬೀಗ-ಕೀಲಿ ಥರ. ಹುಳುವಿನ ನರದಲ್ಲೋ ಸ್ನಾಯುವಿನಲ್ಲೋ ಇರುವ ಒಂದು ಪ್ರೋಟೀನ್ ಬೀಗ, ಔಷಧಿ ಕೀಲಿ. ಕೀಲಿ ಕೂತರೆ ಹುಳು ಸಾಯುತ್ತೆ. ಆ ಪ್ರೋಟೀನ್ ತಯಾರಾಗೋದು ಜೀನ್‌ನಲ್ಲಿ ಬರೆದಿರುವ ಅಕ್ಷರಗಳ ಪ್ರಕಾರ. ಸಾವಿರಾರು ಹುಳುಗಳಲ್ಲಿ ಎಲ್ಲೋ ಒಂದರಲ್ಲಿ ಒಂದು ಅಕ್ಷರ ಬದಲಾಗಿರುತ್ತೆ. ಬೀಗದ ಕಿಂಡಿ ಸ್ವಲ್ಪ ಬದಲಾಗಿರುತ್ತೆ. ಅದಕ್ಕೆ ಕೀಲಿ ಕೂರೋದಿಲ್ಲ.

ಔಷಧಿ ಹೊಡೆದಾಗ ಉಳಿದ ಹುಳುಗಳೆಲ್ಲ ಸತ್ತು, ಆ ಒಂದು ಬದುಕುತ್ತೆ. ಅದರ ಮರಿಗಳಿಗೂ ಅದೇ ಬದಲಾದ ಜೀನ್ ಹೋಗುತ್ತೆ. ಅದೇ ಔಷಧಿ ಮತ್ತೆ ಮತ್ತೆ ಹೊಡೆದರೆ ಕೆಲವೇ ವರ್ಷಗಳಲ್ಲಿ ಹೊಲದ ತುಂಬ ಅಂಥ ಹುಳುಗಳೇ ಇರುತ್ತವೆ. ಔಷಧಿ ಹುಳುವನ್ನು ಗಟ್ಟಿ ಮಾಡಿದ್ದಲ್ಲ, ಮೊದಲೇ ಗಟ್ಟಿ ಇದ್ದದ್ದನ್ನು ಆರಿಸಿ ಉಳಿಸಿದ್ದು.

ಫಾಲ್ ಸೈನಿಕ ಹುಳುವಿನಲ್ಲಿ ಇದಕ್ಕೆ ಮೂರು ಉದಾಹರಣೆ ಪ್ರಕಟವಾಗಿವೆ.

ಒಂದು, ಕೆರಿಬಿಯನ್ ದ್ವೀಪ ಪೋರ್ಟೊರಿಕೊ. ಅಲ್ಲಿ ‘ಕ್ರೈ1ಎಫ್’ ಎಂಬ ಬಿಟಿ ವಿಷ ಇರುವ ಮೆಕ್ಕೆಜೋಳ ಬೆಳೆಯುತ್ತಿದ್ದರು. 2006ರಲ್ಲೇ ಹುಳು ಆ ಬೆಳೆಯನ್ನೂ ತಿನ್ನತೊಡಗಿತು. ಹುಳುವಿನ ಹೊಟ್ಟೆಯೊಳಗಿನ ‘ಎಬಿಸಿಸಿ2’ ಎಂಬ ಪ್ರೋಟೀನಿನ ಜೀನ್ ಕೆಟ್ಟು, ವಿಷಕ್ಕೆ ಅಂಟಿಕೊಳ್ಳಲು ಜಾಗ ಇಲ್ಲದಂತಾಗಿದೆ ಎಂದು ಆಮೇಲೆ ತಿಳಿಯಿತು.

ಎರಡು, ಬ್ರೆಜಿಲ್. ಅಲ್ಲಿ ಕ್ಲೋರಾಂಟ್ರಾನಿಲಿಪ್ರೋಲ್ ಸೇರಿದ ಡೈಅಮೈಡ್ ಗುಂಪಿನ ಔಷಧಿಗೆ ಜಗ್ಗದ ಹುಳುಗಳು ಸಿಕ್ಕವು. ಸ್ನಾಯುವಿನ ‘ರಯನೊಡಿನ್’ ಎಂಬ ಬೀಗದಲ್ಲಿ ಒಂದೇ ಒಂದು ಜಾಗ ಬದಲಾಗಿತ್ತು.

ಮೂರು, ಚೀನಾ. ಅಲ್ಲಿಗೆ ಬಂದ ಹುಳುಗಳ ಜೀನ್ ಓದಿದಾಗ, ಹಳೆಯ ಆರ್ಗನೊಫಾಸ್ಫೇಟ್ ಔಷಧಿಗಳನ್ನು ತಡೆಯುವ ‘ಏಸ್-1’ ಜೀನಿನ ಬದಲಾವಣೆ ಸಾಮಾನ್ಯವಾಗಿ ಕಂಡಿತು. ಅಂದ್ರೆ ಹುಳು ಅಮೆರಿಕ ಬಿಡುವಾಗಲೇ ಆ ಔಷಧಿಗಳ ಪರಿಚಯ ಮಾಡಿಕೊಂಡು ಬಂದಿತ್ತು. ಆದರೆ ಆ ಅಧ್ಯಯನದಲ್ಲಿ ರಯನೊಡಿನ್ ಬದಲಾವಣೆ ಕಂಡಿರಲಿಲ್ಲ. ಹಳೆಯ ಔಷಧಿ ಹೊಡೆದು ‘ಏನೂ ಆಗಲಿಲ್ಲ’ ಎನ್ನುವವರಿಗೂ, ಹೊಸ ಗುಂಪಿನ ಔಷಧಿಯನ್ನು ಜೋಪಾನ ಮಾಡಿ ಬಳಸಬೇಕು ಎನ್ನುವವರಿಗೂ ಇದರಲ್ಲಿ ಉತ್ತರ ಇದೆ.

ಭಾರತದಲ್ಲಿ ಬಿಟಿ ಮೆಕ್ಕೆಜೋಳಕ್ಕೆ ಅನುಮತಿ ಇಲ್ಲ. ಹಾಗಾಗಿ ಇಲ್ಲಿ ಹೊರೆ ಬೀಳೋದು ಸಿಂಪಡಿಸುವ ಔಷಧಿ ಮತ್ತು ಬೀಜೋಪಚಾರದ ಮೇಲೆ.

ಬ್ರ್ಯಾಂಡ್ ಬದಲಾದರೆ ಔಷಧಿ ಬದಲಾದಂತಲ್ಲ

ಅಂಗಡಿಯವರು ಮತ್ತು ರೈತರು ಇಬ್ಬರೂ ನೆನಪಿಡಬೇಕಾದ ಮಾತು ಇದು. ಡಬ್ಬಿಯ ಮೇಲೆ ದೊಡ್ಡದಾಗಿ ಇರೋದು ಬ್ರ್ಯಾಂಡ್ ಹೆಸರು. ಅದರ ಕೆಳಗೆ ಸಣ್ಣದಾಗಿ ಇರೋದು ‘ಟೆಕ್ನಿಕಲ್’ ಹೆಸರು. ಹುಳುವಿಗೆ ಗೊತ್ತಾಗೋದು ಟೆಕ್ನಿಕಲ್ ಮಾತ್ರ. ಕ್ಲೋರಾಂಟ್ರಾನಿಲಿಪ್ರೋಲ್‌ನ ಪೇಟೆಂಟ್ ಅವಧಿ 2022ರಲ್ಲಿ ಮುಗಿದ ಮೇಲೆ ಹಲವು ಕಂಪನಿಗಳು ಅದನ್ನೇ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಿವೆ. ಮೊದಲ ಸಲ ಒಂದು ಕಂಪನಿಯದು, ಎರಡನೇ ಸಲ ಇನ್ನೊಂದು ಕಂಪನಿಯದು ಹೊಡೆದರೆ, ಕೀಲಿಗೊಂಚಲು ಬದಲಾಯಿತೇ ಹೊರತು ಕೀಲಿ ಬದಲಾಗಲಿಲ್ಲ.

ಕೇಂದ್ರ ಮಂಡಳಿ ಈ ಹುಳುವಿಗೆ ಶಿಫಾರಸು ಮಾಡಿದ ಔಷಧಿಗಳು ಬೇರೆ ಬೇರೆ ಗುಂಪಿನವು:

• ಎಮಾಮೆಕ್ಟಿನ್ ಬೆಂಜೊಯೇಟ್ – 6ನೇ ಗುಂಪು
• ಸ್ಪಿನೆಟೊರಾಮ್ – 5ನೇ ಗುಂಪು
• ಕ್ಲೋರಾಂಟ್ರಾನಿಲಿಪ್ರೋಲ್ – 28ನೇ ಗುಂಪು
• ಥಯಾಮೆಥಾಕ್ಸಾಮ್ ಮತ್ತು ಲ್ಯಾಂಬ್ಡಾ ಸೈಹಲೊಥ್ರಿನ್ ಮಿಶ್ರಣ – 4 ಮತ್ತು 3ನೇ ಗುಂಪು

ಇವು ಕೀಟನಾಶಕ ನಿರೋಧಕತೆಯ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಮಿತಿ ಕೊಟ್ಟಿರುವ ಗುಂಪು ಸಂಖ್ಯೆಗಳು. ಒಂದು ತಲೆಮಾರಿನ ಹುಳುವಿಗೆ ಒಂದು ಗುಂಪು ಹೊಡೆದರೆ, ಮುಂದಿನ ತಲೆಮಾರಿಗೆ, ಅಂದ್ರೆ ಸುಮಾರು ತಿಂಗಳ ನಂತರ, ಬೇರೆ ಗುಂಪು ಹೊಡೆಯಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಾಮ್ ಮಿಶ್ರಣದಿಂದ ಬೀಜೋಪಚಾರ ಮಾಡಿದ ಬಿತ್ತನೆ ಬೀಜ ಬರುತ್ತೆ. ಸಯಾಂಟ್ರಾನಿಲಿಪ್ರೋಲ್ ಕೂಡ 28ನೇ ಗುಂಪೇ. ಅಂಥ ಬೀಜ ಬಿತ್ತಿದವರು ಮೊದಲ ಸಿಂಪಡಣೆಗೆ ಕ್ಲೋರಾಂಟ್ರಾನಿಲಿಪ್ರೋಲ್ ತೆಗೆದುಕೊಂಡರೆ ಒಂದೇ ಕೀಲಿಯನ್ನು ಎರಡು ಸಲ ಹಾಕಿದಂತೆ. ಔಷಧಿ ಕೊಡುವ ಮೊದಲು ‘ಬೀಜ ಯಾವುದು, ಉಪಚಾರ ಯಾವುದು, ಹೋದ ಸಲ ಏನು ಹೊಡೆದಿರಿ?’ ಎಂದು ಅಂಗಡಿಯವರು ಕೇಳಿದರೆ ಅರ್ಧ ಕೆಲಸ ಆದಂತೆ. ಬಿಲ್ಲಿನಲ್ಲಿ ಬ್ರ್ಯಾಂಡ್ ಜೊತೆ ಟೆಕ್ನಿಕಲ್ ಹೆಸರನ್ನೂ ಬರೆದುಕೊಟ್ಟರೆ ಮುಂದಿನ ಸಲ ನೋಡಿ ಬದಲಾಯಿಸಲು ಅನುಕೂಲ.

ಜೀನ್‌ಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ದೊಡ್ಡ ಹುಳು ಸುಳಿಯೊಳಗೆ ಕೂತು ತನ್ನ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಂಡಿರುತ್ತೆ. ಮೇಲಿಂದ ಗರಿಗೆ ಹೊಡೆದರೆ ಔಷಧಿ ಅದಕ್ಕೆ ತಾಗೋದೇ ಇಲ್ಲ. ಹುಳು ಸಣ್ಣದಿರುವಾಗಲೇ, ಸಿಂಪಡಣೆ ಸುಳಿಯೊಳಗೆ ಇಳಿಯುವಂತೆ ಹೊಡೆಯಬೇಕು. ಮಳೆಗಾಲದ ತೇವದಲ್ಲಿ ಮೆಟರೈಜಿಯಂ ರಿಲೇ ಎಂಬ ಶಿಲೀಂಧ್ರ ತಾನಾಗಿಯೇ ಈ ಹುಳುವಿಗೆ ಹಿಡಿಯುತ್ತೆ. ಸುಳಿಯಲ್ಲಿ ಬೆಳ್ಳಗೆ ಅಥವಾ ಮಾಸಲು ಹಸಿರಾಗಿ ಗಟ್ಟಿಯಾಗಿ ಸತ್ತ ಹುಳುಗಳು ಹೆಚ್ಚು ಕಂಡರೆ, ಔಷಧಿಗೆ ದುಡ್ಡು ಹಾಕುವ ಮೊದಲು ಕೃಷಿ ಅಧಿಕಾರಿಯನ್ನು ಕೇಳೋದು ಒಳ್ಳೆಯದು.

ಇದೇ ಹುಳು ಲಸಿಕೆಗೂ ಬಂತು!

ಬೆಳೆ ತಿನ್ನುವ ಹುಳುವಿನ ಜೀನ್‌ಗಳ ಬಗ್ಗೆ ವಿಜ್ಞಾನಿಗಳಿಗೆ ಇಷ್ಟೊಂದು ಹೇಗೆ ಗೊತ್ತು? ಅದಕ್ಕೆ ಇನ್ನೊಂದು ಹಿನ್ನೆಲೆ ಇದೆ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಈ ಹುಳುವಿನ ಅಂಡಾಶಯದಿಂದ ಜೀವಕೋಶ ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಅದರಿಂದ ಬಂದ ‘ಎಸ್‌ಎಫ್9’ ಎಂಬ ಕೋಶಸಂತತಿ ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿದೆ. ಬೇಕಾದ ಪ್ರೋಟೀನ್ ತಯಾರಿಸುವ ಕಾರ್ಖಾನೆಯಂತೆ ಅದನ್ನು ಬಳಸುತ್ತಾರೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ಕೋವೊವ್ಯಾಕ್ಸ್’ ಎಂಬ ಕೊರೊನಾ ಲಸಿಕೆಯ ಪ್ರೋಟೀನ್ ತಯಾರಾದದ್ದು ಇಂಥ ಜೀವಕೋಶಗಳಲ್ಲೇ. 2021ರ ಡಿಸೆಂಬರ್‌ನಲ್ಲಿ ಅದಕ್ಕೆ ಭಾರತದಲ್ಲಿ ಅನುಮತಿ ಸಿಕ್ಕಿತು.

ಈಗ ಸಂಶೋಧನೆ ಯಾವ ಕಡೆ ಸಾಗಿದೆ?

ಇಪ್ಪತ್ತು ವರ್ಷದ ಹಿಂದೆ ಒಂದು ಜೀನ್ ಓದುವುದೇ ದೊಡ್ಡ ಕೆಲಸ. ಈಗ ಇಡೀ ಜೀನೋಮ್ ಓದುತ್ತಾರೆ. ಫಾಲ್ ಸೈನಿಕ ಹುಳುವಿನ ಎರಡೂ ತಳಿಗಳ ಜೀನೋಮ್ 2017ರಲ್ಲಿ ಪ್ರಕಟವಾಯಿತು. ರುಚಿ ಗುರುತಿಸುವ ಜೀನ್‌ಗಳೇ ಅದರಲ್ಲಿ 200ಕ್ಕೂ ಹೆಚ್ಚು ಸಿಕ್ಕವು. ಒಂದೆರಡು ಗಿಡ ಮಾತ್ರ ತಿನ್ನುವ ಕೀಟಗಳಲ್ಲಿ ಅಷ್ಟು ಇರೋದಿಲ್ಲ. ಇದು ಇಷ್ಟೊಂದು ಬಗೆಯ ಗಿಡ ತಿನ್ನಲು ಇದೂ ಒಂದು ಕಾರಣ ಎಂಬುದು ವಿಜ್ಞಾನಿಗಳ ಅಂದಾಜು.

ಮುಂದಿನ ಹೆಜ್ಜೆ, ಜೀನ್ ಓದುವುದರಿಂದ ಜೀನ್ ತಡೆಯುವುದಕ್ಕೆ. ‘ಆರ್‌ಎನ್‌ಎ ತಡೆ’ ಎಂಬ ವಿಧಾನದಲ್ಲಿ ಹುಳುವಿನ ಒಂದು ಅಗತ್ಯ ಜೀನ್ ಕೆಲಸ ಮಾಡದಂತೆ ನಿಲ್ಲಿಸುವ ಆರ್‌ಎನ್‌ಎಯನ್ನು ಎಲೆ ಮೇಲೆ ಸಿಂಪಡಿಸುತ್ತಾರೆ. ಆಲೂಗಡ್ಡೆಯ ಕೊಲರಾಡೊ ಜೀರುಂಡೆಗೆ ಇಂಥ ಸಿಂಪಡಣೆಗೆ ಅಮೆರಿಕ 2023ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿದೆ. ಆದರೆ ಪತಂಗ ಜಾತಿಯ ಹುಳುಗಳಲ್ಲಿ ಇದು ಅಷ್ಟು ಸುಲಭ ಅಲ್ಲ. ಅವುಗಳ ಹೊಟ್ಟೆಯ ರಸ ಆರ್‌ಎನ್‌ಎಯನ್ನು ಬೇಗ ಮುರಿದುಹಾಕುತ್ತೆ. ಬ್ರೆಜಿಲ್‌ನಲ್ಲಿ ಇನ್ನೊಂದು ದಾರಿ ನೋಡುತ್ತಿದ್ದಾರೆ. ಆಕ್ಸಿಟೆಕ್ ಎಂಬ ಕಂಪನಿಯ ಜೀನ್ ಬದಲಿಸಿದ ಗಂಡು ಪತಂಗ ಬಿಟ್ಟರೆ ಅದರ ಹೆಣ್ಣು ಮರಿಗಳು ಬದುಕೋದಿಲ್ಲ. ಅದಕ್ಕೆ 2021ರಲ್ಲಿ ಅಲ್ಲಿನ ಸರ್ಕಾರಿ ಸಮಿತಿ ಅನುಮತಿ ನೀಡಿತು. ಇವು ಇಲ್ಲಿನ ಅಂಗಡಿಗೆ ಸದ್ಯ ಬಂದಿಲ್ಲ. ಪ್ರಬಂಧದಲ್ಲಿ ‘ಹುಳು ಸತ್ತಿತು’ ಎಂದಿರುವುದಕ್ಕೂ ಹೊಲದಲ್ಲಿ ಹುಳು ಸಾಯುವುದಕ್ಕೂ ನಡುವೆ ಬಹಳ ದೂರ ಇದೆ.

‘ಸಂಶೋಧನೆಯಿಂದ ಸಾಬೀತು’ ಎಂಬ ಕರಪತ್ರ ಬಂದರೆ?

ಹೊಸ ಪ್ರಾಡಕ್ಟ್ ತರುವ ಏಜೆಂಟರು ಕರಪತ್ರದಲ್ಲಿ ಹೀಗೆ ಬರೆದಿರುವುದು ಮಾಮೂಲು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಅಂಗಡಿಯವರು ನಾಲ್ಕು ಪ್ರಶ್ನೆ ಕೇಳಬಹುದು. ಯಾವ ಬೆಳೆ, ಯಾವ ಹುಳುವಿನ ಮೇಲೆ ಪರೀಕ್ಷೆ ಆಯಿತು? ಪ್ರಯೋಗಾಲಯದಲ್ಲೋ, ಹೊಲದಲ್ಲೋ? ಔಷಧಿ ಹಾಕದ ಹೊಲದ ಜೊತೆ ಹೋಲಿಸಿದ್ದಾರಾ? ಕಂಪನಿಯವರಲ್ಲದೆ ಬೇರೆ ಯಾರಾದರೂ, ಉದಾಹರಣೆಗೆ ಕೃಷಿ ವಿಶ್ವವಿದ್ಯಾಲಯ, ಪರೀಕ್ಷೆ ಮಾಡಿದೆಯಾ? ಜೊತೆಗೆ ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ ಮತ್ತು ಬೆಳೆಯ ಹೆಸರು ಇದೆಯಾ ನೋಡಬೇಕು.

ಮೂಲ ಪ್ರಬಂಧ ಓದಬೇಕೆಂದರೆ ಕೆಲವು ಉಚಿತವಾಗಿ ಸಿಗುತ್ತವೆ. ಆಫ್ರಿಕಾದ 2016ರ ವರದಿ, ತಳಿಗಳ ಬಗೆಗಿನ 2019ರ ಪ್ರಬಂಧಗಳು ‘ಪ್ಲಾಸ್ ಒನ್’ ಎಂಬ ಮುಕ್ತ ಪತ್ರಿಕೆಯಲ್ಲಿವೆ. ಮೊಬೈಲ್‌ನಲ್ಲೇ ತೆರೆದು ನೋಡಬಹುದು. ಹಲವು ದೊಡ್ಡ ಪತ್ರಿಕೆಗಳು ಹಣ ಕೇಳುತ್ತವೆ. ಇದಕ್ಕೆಂದೇ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಊರಿನ ಮಕ್ಕಳು ಕೃಷಿ ಕಾಲೇಜಿನಲ್ಲೋ ಸರ್ಕಾರಿ ಪದವಿ ಕಾಲೇಜಿನಲ್ಲೋ ಓದುತ್ತಿದ್ದರೆ ತಮ್ಮ ಗ್ರಂಥಾಲಯದಲ್ಲಿ ಈ ಸೌಲಭ್ಯ ಇದೆಯಾ ಎಂದು ಕೇಳಬಹುದು.

ಹೊಸ ಹುಳು ಕಂಡರೆ ಏನು ಮಾಡಬೇಕು?

ದೇಶಕ್ಕೆ ಬರುವ ಮುಂದಿನ ಹೊಸ ಹುಳುವನ್ನು ಮೊದಲು ನೋಡುವವರು ಬಹುಶಃ ಪ್ರಯೋಗಾಲಯದ ವಿಜ್ಞಾನಿಯಲ್ಲ, ಹೊಲದ ರೈತರು ಅಥವಾ ಗಿಡ ಹಿಡಿದು ಬಂದವರಿಗೆ ಔಷಧಿ ಕೊಡುವ ಅಂಗಡಿಯವರು. ‘ಇಂಥದ್ದು ಹಿಂದೆ ನೋಡಿಲ್ಲ’ ಅನ್ನಿಸಿದರೆ ಹುಳುವಿನ ತಲೆ ಮತ್ತು ಬಾಲದ ಭಾಗ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆಯಿರಿ. ನಾಲ್ಕೈದು ಹುಳುಗಳನ್ನು ಗಾಳಿಯಾಡುವ ಡಬ್ಬಿಯಲ್ಲಿ ಎಲೆ ಸಮೇತ ಹಾಕಿ, ಊರು, ಬೆಳೆ, ದಿನಾಂಕ ಚೀಟಿಯಲ್ಲಿ ಬರೆದು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551. ಕನ್ನಡದಲ್ಲೇ ಮಾತಾಡಬಹುದು.